ಗೋಡೆ ದಾಟಿದ ಕರೆಂಟು

"ಇನ್ಮ್ಯಾಲೆ ಈ ಮನಿಯಾಗೆ ಕತ್ತಲೆ ಅನ್ನೋ ಪದಾರ್ಥನೇ ಇರಂಗಿಲ್ಲ!"

ಹೀಗೆಂದು ಸಾರಿ, ಜಾಬರ್ ಶಿವಯೋಗಪ್ಪನವರು ಮನೆಯಲ್ಲಿದ್ದ ಎರಡು ಕಂದೀಲುಗಳನ್ನೂ ಅಟ್ಟದ ಮೇಲಕ್ಕೆ ಗಡೀಪಾರು ಮಾಡಿದರು. ಅದು ಸಾವಿರದ ಒಂಬೈನೂರ ಅರವತ್ತನಾಲ್ಕರ ಬೇಸಿಗೆ. ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಮೂವತ್ತೊಂದು ವರ್ಷ ಇನ್ನೂರು ಮಗ್ಗಗಳ ಮೇಲೆ ಜಾಬರ್ ಎಂಬ ಯಜಮಾನಿಕೆ ನಡೆಸಿ ನಿವೃತ್ತರಾದವರು ಅವರು. ಅಷ್ಟು ವರ್ಷಗಳಲ್ಲಿ ಗಿರಣಿಯ ಭೋಂಗಾ ಕೂಗುವ ಮೊದಲು ಅವರು ಗೇಟಿನಲ್ಲಿರದ ದಿನವೇ ಇಲ್ಲ. ತಮ್ಮ ಮುಖ ನೋಡಿದ ಮೇಲೆಯೇ ಭೋಂಗಾ ಕೂಗುತ್ತಿತ್ತು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಇಂಥ ಶಿಸ್ತಿನ ಮನುಷ್ಯ ಊಟಕ್ಕೆ ಕುಳಿತಾಗ, ರೊಟ್ಟಿ ಯಾವುದು, ಮಣೆ ಯಾವುದು ಎಂದು ತಡಕಾಡುವಂತೆ ಕರೆಂಟು ಹೋಗುವುದೆಂದರೆ! ಅದು ಅವರ ಪಾಲಿಗೆ ಕತ್ತಲೆಯಲ್ಲ, ಅವಮಾನ!

ಆದ್ದರಿಂದ ಮಾಯಕೊಂಡದಲ್ಲಿ ಡೇರೆ ಕಿತ್ತ ಟೂರಿಂಗ್ ಟಾಕೀಸೊಂದರ ಜನರೇಟರನ್ನು ಎತ್ತಿನ ಗಾಡಿಯಲ್ಲಿ ತರಿಸಿ, ಹಿತ್ತಲಿನ ತಗಡಿನ ಚಪ್ಪರದಲ್ಲಿ ಪ್ರತಿಷ್ಠಾಪಿಸಿದರು. ವಿಭೂತಿ ಬಳಿದರು, ಕಾಯಿ ಒಡೆದರು. ಜೋಡಣೆಗೆಂದು ಹರಿಹರದಿಂದ ವೈರ್‌ಮನ್ ಹಯಾತ್ ಸಾಬರನ್ನು ಕರೆಸಿದರು.

ಹಯಾತ್ ಸಾಬರು ಚೀಲದಿಂದ ಎರಡು ಸ್ವಿಚ್ಚುಗಳನ್ನು ತೆಗೆದು ನೆಲದ ಮೇಲಿಟ್ಟರು. ಒಂದು ಬಿಳಿ ಪಿಂಗಾಣಿಯದು, ಇನ್ನೊಂದು ಉದ್ದ ಹಿಡಿಯಿದ್ದ ಕಬ್ಬಿಣದ ಡಬ್ಬಿ.

"ಜಾಬರ್ರೇ, ಇವಕ್ಕೆ ಚೇಂಜ್ ಓವರ್ ಸ್ವಿಚ್ ಅಂತಾರೆ. ಹಿಡಿ ಕೆಳಗಿದ್ರೆ ಕಂಬದ ಕರೆಂಟು, ಮ್ಯಾಲೆತ್ತಿದ್ರೆ ಎಂಜಿನ್ ಕರೆಂಟು. ಎರಡೂ ಕೂಡಂಗೇ ಇಲ್ಲ. ಪಿಂಗಾಣಿದು ಬ್ಯಾಡ, ಬಾಯಿ ತಕ್ಕೊಂಡು ಕುಂತೈತೆ, ಯಾರಾದ್ರೂ ಕೈ ಇಟ್ಟಾರು. ಕಬ್ಬಿಣದ್ದೇ ಇರಲಿ."

ಶಿವಯೋಗಪ್ಪನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಸಿಡಿದೆದ್ದರು.

"ಇದನ್ನ ನಡುಮನಿಯಾಗೆ, ನಮ್ಮಪ್ಪನ ಫೋಟೋ ಮಗ್ಗಲಾಗೆ ಹೊಡೀತಿಯಾ? ಹರಿಹರ ಸ್ಟೇಷನ್ನಿನ ಸಿಗ್ನಲ್ ಕೈಮರ ಇದ್ದಂಗೈತಲ್ಲೋ ಮಾರಾಯ! ನಮ್ಮಪ್ಪ ರೈಲು ಕಾಯ್ಕೊಂಡು ಕುಂತಂಗೆ ಕಾಣ್ತಾನೆ!"

"ಅಂದಚೆಂದದ ಮಾತಲ್ರಿ ಇದು. ಕಂಬದ ಮೇನ್ ಸ್ವಿಚ್ ಆರಿಸದಂಗೆ ಎಂಜಿನ್ ಹಚ್ಚಿದ್ರೆ, ನಿಮ್ಮನಿ ಕರೆಂಟು ಬಂದ ದಾರಿ ಹಿಡಿದು ವಾಪಸ್ ಹೋಗಿ ಕಂಬ ಹತ್ತುತೈತೆ. ಕಂಬದ ಮ್ಯಾಲೆ ಲೈನ್‌ಮನ್ ಇದ್ರೆ ಅಲ್ಲಿಗೆ ಅವನ ಕಥೆ ಮುಗೀತು. ಈ ಬೀದಿ ಕಂಬ ಹತ್ತೋನು ನನ್ನ ಅಳಿಯ ಬಡೇಸಾಬ್. ಮಗಳು ನಸೀಮಾನ್ನ ಮದುವಿ ಮಾಡಿಕೊಟ್ಟು ಇನ್ನೂ ಮೂರು ತಿಂಗಳಾಗಿಲ್ಲ, ಜಾಬರ್ರೇ."

"ಅಂದ್ರೆ ನಾನು ಮರೀತೀನಿ ಅಂತೀಯ? ಮೇನ್ ಆರಿಸಿ ಎಂಜಿನ್ ಹಚ್ಚೋದು ಒಂದು ಕೆಲಸ ಏನೋ? ಯಾವ ಮಗ್ಗಕ್ಕೆ ಯಾವ ವಾರ ಎಣ್ಣೆ ಬಿಟ್ಟೀನಿ ಅಂತ ಈಗ್ಲೂ ಬಾಯಾಗೆ ಹೇಳ್ತೀನಿ. ನನಗ್ಯಾಕೆ ಸ್ವಿಚ್ಚು? ನಾನೇ ಚೇಂಜ್ ಓವರ್!"

ಅಡುಗೆಮನೆಯಿಂದ ಅವರ ಹೆಂಡತಿ ಬಸವಣ್ಣೆಮ್ಮನವರ ದನಿ ತೇಲಿಬಂತು. "ಉಕ್ಕಡಗಾತ್ರಿ ಜಾತ್ರಿಗೆ ಹೋದಾಗ ಯಾರೋ ನನ್ನನ್ನ ಹೊಳೀ ದಂಡಿ ಮ್ಯಾಲೆ ಮರೆತು ಬಸ್ಸು ಹತ್ತಿದ್ರಪ್ಪ!"

"ಅದು ಮರೆವಲ್ಲ ಕಣೇ, ನಂಬಿಕೆ! ನೀನೂ ಹತ್ತಿರ್ತೀ ಅಂತ ನಂಬಿದ್ದೆ!"

ಹಯಾತ್ ಸಾಬರು ಎರಡೂ ಸ್ವಿಚ್ಚುಗಳನ್ನು ಚೀಲಕ್ಕೆ ತುಂಬಿದರು. "ಅದಿಲ್ಲದಂಗೆ ಈ ಕೈ ವೈರ್ ಮುಟ್ಟಂಗಿಲ್ಲ. ಬರ್ತೀನ್ರಿ" ಎಂದು ಹರಿಹರದ ಬಸ್ಸು ಹತ್ತಿಯೇಬಿಟ್ಟರು. ಈ ಉದ್ಧಟತನಕ್ಕೆ ಉತ್ತರವೆಂಬಂತೆ ಶಿವಯೋಗಪ್ಪನವರು ಅಂದೇ ತಮ್ಮ ಸ್ವಹಸ್ತದಿಂದ ವೈರು ಎಳೆದು, ಬೇರೆಯದೇ ಒಂದು ಸಾದಾ ಸ್ವಿಚ್ಚಿನ ಮೂಲಕ ಎಂಜಿನ್ನನ್ನು ಮನೆಗೆ ಜೋಡಿಸಿಬಿಟ್ಟರು.

ಪಕ್ಕದ ಮನೆಯ ಮಾಳಿಂಗಪ್ಪನ ವಿಷಯವನ್ನು ಇಲ್ಲಿ ಹೇಳಬೇಕು. ಆತನ ಹಿತ್ತಲಿನ ನುಗ್ಗೆಮರದ ಕೊಂಬೆಯೊಂದು ಮೂರು ವರ್ಷದ ಹಿಂದೆ ಗೋಡೆಯ ಈಚೆಗೆ ಬಾಗಿತ್ತು. ಕಾಯಿಯೆಲ್ಲ ಜಾಬರರ ಮನೆಯ ಸಾರಿಗೆ ಹೋಯಿತು. ಮಾಳಿಂಗಪ್ಪ ಕೇಳಲು ಬಂದಾಗ, "ಗೋಡೆ ದಾಟಿ ಬಂದಿದ್ದು ಬಂದ ಮನಿಯೋರದು" ಎಂದು ಶಿವಯೋಗಪ್ಪನವರು ತೀರ್ಪು ಕೊಟ್ಟಿದ್ದರು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ.

ನಾಲ್ಕನೆಯ ದಿನ, ಸಂಜೆ ದೀಪ ಹಚ್ಚಲು ಹೋದರೆ, ಕರೆಂಟು ಆಗಲೇ ಹೋಗಿತ್ತು! ಶಿವಯೋಗಪ್ಪನವರ ಮುಖ ಅರಳಿತು. ಮಾಳಿಂಗಪ್ಪ ಕಡ್ಡಿ ಗೀರುವ ಮೊದಲೇ ತಮ್ಮ ಮನೆ ಬೆಳಗಬೇಕು! ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ಓಡಿದರು, ಹ್ಯಾಂಡಲ್ ತಿರುವಿದರು, ಎಂಜಿನ್ ಡುಗುಡುಗು ಎಂದಿತು, ಸ್ವಿಚ್ ಒತ್ತಿದರು. ಮನೆಯೆಲ್ಲ ಝಗ್ಗನೆ ಬೆಳಗಿತು. ಬಸವಣ್ಣೆಮ್ಮನವರು ದೀಪಕ್ಕೆ ಕೈಮುಗಿದರು.

ಇನ್ನು ಪಕ್ಕದ ಮನೆಯ ಕತ್ತಲೆಯನ್ನು ಕಣ್ತುಂಬ ನೋಡುವ ಭಾಗ್ಯವೊಂದು ಬಾಕಿ. ಅದಕ್ಕಾಗಿ ಜಗುಲಿಗೆ ಬಂದರೆ, ಪಕ್ಕದ ಮನೆಯೇನು, ಬೀದಿಯ ಎಂಟು ಮನೆಗಳೂ ಬೆಳಗುತ್ತಿವೆ! ಮಾಳಿಂಗಪ್ಪನ ರೇಡಿಯೋ ಕೃಷಿಕರಿಗೆ ಗೊಬ್ಬರದ ಉಪದೇಶ ಮಾಡುತ್ತಿದೆ!

"ಥೂ, ಇಷ್ಟು ಬೇಗ ಬಂತಲ್ಲ ಕರೆಂಟು" ಎಂದು ಹಿತ್ತಲಿಗೆ ಹೋಗಿ ಎಂಜಿನ್ ನಿಲ್ಲಿಸಿದರು. ಮನೆ ಕತ್ತಲಾಯಿತು. ಬೀದಿಯೂ ಕತ್ತಲಾಯಿತು. ಗೊಬ್ಬರವೂ ಬಾಯಿ ಮುಚ್ಚಿತು.

ಮತ್ತೆ ಹಚ್ಚಿದರು. ಬೀದಿಗೆ ಬೀದಿಯೇ ಬೆಳಗಿತು.

ಶಿವಯೋಗಪ್ಪನವರ ರಕ್ತ ಕುದಿಯಿತು. ಹಿತ್ತಲಿನಲ್ಲಿ ಎಂಜಿನ್ ಏಕೆ ಏದುಸಿರು ಬಿಡುತ್ತಿದೆ ಎಂಬುದು ಈಗ ತಿಳಿಯಿತು. ಇದು ಹಗಲುದರೋಡೆ! ಅಲ್ಲ, ಮುಚ್ಚಂಜೆಯ ದರೋಡೆ! ಮೂರು ವರ್ಷ ತುಳಿಯದ ಹೊಸ್ತಿಲನ್ನು ಒಂದೇ ನೆಗೆತಕ್ಕೆ ದಾಟಿದರು. ಒಳಗೆ ಮಾಳಿಂಗಪ್ಪ ಉರಿಯುತ್ತಿದ್ದ ಬಲ್ಬಿಗೆ ಕಣ್ಮುಚ್ಚಿ ಕೈಮುಗಿಯುತ್ತಿದ್ದ.

"ಮುಗಿಯೋದಾದ್ರೆ ನನಗೆ ಮುಗಿಯೋ ಕೈ! ಆ ದೀಪ ನಂದು!"

ಮಾಳಿಂಗಪ್ಪ ಒಂದು ಕಣ್ಣು ತೆರೆದ. "ಬಲ್ಬು ನಂದು, ವೈರು ನಂದು, ಗ್ವಾಡಿ ನಂದು. ದೀಪ ಹೆಂಗೆ ನಿಂದಾತು?"

"ಒಳಗಿನ ಕರೆಂಟು ನಂದು! ನನ್ನ ಎಂಜಿನ್ನಿಂದು! ಆರಿಸು ಆ ರೇಡಿಯೋ!"

"ಗ್ವಾಡಿ ದಾಟಿ ಬಂತೇನು?"

"ಹೂಂ, ದಾಟಿ ಬಂತು!"

"ಹಂಗಾದ್ರೆ ಬಂದ ಮನಿಯೋರದು" ಎಂದು ಮಾಳಿಂಗಪ್ಪ ಮತ್ತೆ ಕಣ್ಣು ಮುಚ್ಚಿದ. "ನುಗ್ಗೆಕಾಯಿ ತೀರ್ಪು ನಿಂದೇ ಅಲ್ಲೇನು, ಜಾಬರಪ್ಪ?"

ಗದ್ದಲಕ್ಕೆ ಬೀದಿಯವರೆಲ್ಲ ಹೊರಗೆ ಬಂದರು. ಕೊಟ್ರವ್ವನೆಂಬ ಮುದುಕಿಯಂತೂ, "ನಿಮ್ಮ ಕರೆಂಟು ಅನ್ನಾಕೆ ಅದರ ಮ್ಯಾಲೆ ಹೆಸರು ಬರೆದೈತೇನಪ್ಪ?" ಎಂದುಬಿಟ್ಟಳು. ಹೆಸರಂತೆ! ಶಿವಯೋಗಪ್ಪನವರು ಮೈಮೇಲೆ ಬಂದವರಂತೆ ಹಿತ್ತಲಿಗೆ ಓಡಿದರು. ಆರಿಸಿದರು, ಬೀದಿ ಕಪ್ಪಾಯಿತು. ಹಚ್ಚಿದರು, ಬೀದಿ ಬೆಳ್ಳಗಾಯಿತು. ಹೀಗೆ ಮೂರು ಸಲ ಮಾಡಿ, ಬೆವರೊರೆಸುತ್ತ ಜಗುಲಿಯ ಮೇಲೆ ನಿಂತು ಗರ್ಜಿಸಿದರು.

"ಈಗ ಹೇಳ್ರಿ! ಕರೆಂಟು ಯಾರದು?"

"ನಿಮ್ದೇರಿ ಜಾಬರ್ರೇ, ನಿಮ್ದೇ!" ಎಂದಿತು ಬೀದಿ ಒಕ್ಕೊರಲಿನಿಂದ.

ಸತ್ಯ ಗೆದ್ದಿತು! ಶಿವಯೋಗಪ್ಪನವರು ಮೀಸೆಯ ಮೇಲೆ ಕೈಯಿಡುವಷ್ಟರಲ್ಲಿ ಮಸೀದಿಯ ಕಡೆಯಿಂದ ಒಬ್ಬ ಹುರಿಕಟ್ಟಿನ ಆಳು ದಡದಡನೆ ಬಂದ. ತಲೆಯ ಮೇಲೆ ಟೋಪಿ ಇನ್ನೂ ಇತ್ತು. ಲೈನ್‌ಮನ್ ಬಡೇಸಾಬ್. ಉರಿಯುವ ಮನೆಗಳನ್ನು ನೋಡಿದ, ತಾನು ಏಣಿ ಒರಗಿಸಿಟ್ಟು ಹೋಗಿದ್ದ ಕಂಬವನ್ನು ನೋಡಿದ. ಜೇಬಿಗೆ ಕೈಹಾಕಿ ಒಂದು ಬಿಳಿಯ ವಸ್ತುವನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ.

"ಈ ಬೀದಿ ಫ್ಯೂಸು ನನ್ನ ಜೇಬಿನಾಗೈತೆ. ನಾನೇ ಕಿತ್ತಿದ್ದು. ಮತ್ತೆ ಈ ಕರೆಂಟು ಯಾರದು?"

ಎಂಟು ಮನೆಗಳ ಅಷ್ಟೂ ಬೆರಳುಗಳು ಜಗುಲಿಯ ಕಡೆಗೆ ತಿರುಗಿದವು.

"ಮೂರು ಸಲ ಸಾಬೀತು ಮಾಡಿ ತೋರಿಸಿದ್ರಪ್ಪ" ಎಂದ ಮಾಳಿಂಗಪ್ಪ.

ಬಡೇಸಾಬ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಏಣಿಯ ಬುಡದಲ್ಲಿ ಕುಸಿದು ಕುಳಿತು ಮೆಲ್ಲಗೆ ಹೇಳಿದ. "ಇನ್ನೊಂದು ವೈರು ಬಿಗಿದೇ ಇಳಿಯೋಣ ಅಂತಿದ್ದೆ. ಬಾಂಗ್ ಕೂಗಿತು, ನಮಾಜು ಮಾಡಿ ಬಂದು ಬಿಗಿದ್ರಾತು ಅಂತ ಇಳಿದೆ."

ಶಿವಯೋಗಪ್ಪನವರ ಮೀಸೆಯ ಮೇಲಿದ್ದ ಕೈ ತಾನಾಗಿ ಕೆಳಗಿಳಿಯಿತು. ಕಂಬದ ಮೇನ್! ಅದನ್ನು ಆರಿಸಿಯೇ ಇರಲಿಲ್ಲ! ಹಿತ್ತಲಿಗೆ ಹೇಗೆ ಹೋದರೋ, ಎಂಜಿನ್ ಹೇಗೆ ನಿಲ್ಲಿಸಿದರೋ ಅವರಿಗೇ ತಿಳಿಯದು. ಬೀದಿಯೆಲ್ಲ ಕತ್ತಲಾಯಿತು. ಆ ಕತ್ತಲೆಯಲ್ಲಿ ಯಾರೂ ನಗಲಿಲ್ಲ. ಮಾಳಿಂಗಪ್ಪನೇ ಬಂದು ಅವರ ರಟ್ಟೆ ಹಿಡಿದು, "ಕೂಡು ಬಾರೋ ಜಾಬರಪ್ಪ" ಎಂದು ಜಗುಲಿಯ ಮೇಲೆ ಕೂರಿಸಿದ.

ಮರುದಿನ ಮೊದಲ ಬಸ್ಸಿಗೇ ಶಿವಯೋಗಪ್ಪನವರು ಹರಿಹರದಲ್ಲಿದ್ದರು. ಹಯಾತ್ ಸಾಬರು ಅಂಗಡಿಯ ಬಾಗಿಲು ತೆರೆಯುತ್ತಿದ್ದರು. ಅಳಿಯನಿಂದ ಸುದ್ದಿ ಆಗಲೇ ಬಂದಿತ್ತೆಂದು ಅವರ ಮುಖವೇ ಹೇಳುತ್ತಿತ್ತು. ಬಂದವರ ಕಡೆಗೆ ತಿರುಗದೆ ಒಂದೇ ಮಾತು ಕೇಳಿದರು.

"ಪಿಂಗಾಣಿದೋ, ಕಬ್ಬಿಣದ್ದೋ?"

"ಕೈಮರದ್ದು" ಎಂದರು ಶಿವಯೋಗಪ್ಪನವರು, ನೆಲ ನೋಡುತ್ತ.

ಅಂದೇ ಮಧ್ಯಾಹ್ನ ನಡುಮನೆಯಲ್ಲಿ, ತಂದೆಯ ಫೋಟೋದ ಪಕ್ಕದಲ್ಲಿ, ಕಬ್ಬಿಣದ ಚೇಂಜ್ ಓವರ್ ಕುಳಿತಿತು. ಹಯಾತ್ ಸಾಬರು ಸ್ಕ್ರೂ ಬಿಗಿಯುವಾಗ ಡಬ್ಬಿ ಹಿಡಿದುಕೊಂಡು ನಿಂತವರು ಸ್ವತಃ ಜಾಬರರೇ. ಫೋಟೋದೊಳಗಿನ ತಂದೆಯೂ ರೈಲು ಕಾಯತೊಡಗಿದರು.

ವಾರ ಕಳೆದು ಮತ್ತೆ ಸಂಜೆ ಕರೆಂಟು ಹೋಯಿತು. ಶಿವಯೋಗಪ್ಪನವರು ಹಿಡಿ ಮುಟ್ಟುವ ಮೊದಲು ಬೀದಿಗೆ ಬಂದು, ಕತ್ತೆತ್ತಿ ಕೂಗಿದರು. "ಕಂಬದ ಮ್ಯಾಲೆ ಯಾರಾದ್ರೂ ಇದ್ದೀರೇನ್ರಪ್ಪಾ?"

"ನಾನಿದ್ದೀನ್ರಿ, ಬಡೇಸಾಬ್!" ಮೇಲಿನಿಂದ ದನಿ ಬಂತು. "ಹಚ್ಕಳ್ರಿ ಜಾಬರ್ರೇ, ನನಗೇನು ಭಯ ಇಲ್ಲ. ಸ್ವಿಚ್ ಹಾಕಿದ್ದು ನಮ್ಮ ಮಾವ!"

ಹಿತ್ತಲಿಗೆ ಹೋಗಿ ಎಂಜಿನ್ ಹಚ್ಚಿ ನಡುಮನೆಗೆ ಬಂದರು. ಹಿಡಿಯ ಮೇಲೆ ಕೈಯಿಟ್ಟರು. ಇನ್ನೂರು ಮಗ್ಗ ಆಳಿದ ಆ ಕೈ ಹಿಡಿಯನ್ನು ಎತ್ತಲೊಲ್ಲದು! ಎರಡು ಸಲ ಪ್ರಯತ್ನಿಸಿದರು. ಕೊನೆಗೆ ಹಿತ್ತಲಿಗೆ ಹೋಗಿ ಎಂಜಿನ್ನನ್ನೇ ನಿಲ್ಲಿಸಿ ಬಂದರು.

"ಅವನು ಇಳಿದ ಮ್ಯಾಲೆ ಹಚ್ಚಿದ್ರಾತು. ಅಲ್ಲೀತನಕ... ಏಣಿ ಎಲ್ಲೈತೆ? ಅಟ್ಟದಿಂದ ಕಂದೀಲು ಇಳಿಸ್ತೀನಿ."

ಕತ್ತಲೆಯಲ್ಲಿ ಕಡ್ಡಿ ಗೀರಿದ ಸದ್ದಾಯಿತು. ಬಾಗಿಲ ಹಿಂದಿನಿಂದ ಬಸವಣ್ಣೆಮ್ಮನವರು ಕಂದೀಲು ಹಿಡಿದು ಬಂದರು. ಗಾಜು ಫಳಫಳ ಹೊಳೆಯುತ್ತಿತ್ತು. ಬತ್ತಿ ಕತ್ತರಿಸಿತ್ತು, ಎಣ್ಣೆ ಕಂಠಮಟ್ಟ ಇತ್ತು.

"ಇದು ಅಟ್ಟದಿಂದ ಯಾವಾಗ ಇಳೀತೇ?"

"ನೀವು 'ನಾನೇ ಚೇಂಜ್ ಓವರ್' ಅಂದ್ರಲ್ಲ, ಆವತ್ತೇ" ಎಂದರು ಬಸವಣ್ಣೆಮ್ಮನವರು.