ಟಂಟಂ ಚಾಲಕ ಲಾಡಲೇಸಾಬ ಅವರಿಗೆ, ನನ್ನ ವಾಯುವಿಹಾರವನ್ನು ನನಗೆ ಮರಳಿಸುವ ಕುರಿತು

ಸನ್ಮಾನ್ಯ ಲಾಡಲೇಸಾಬ ಅವರೇ,

ಸಾರವಾಡದಿಂದ ಬಬಲೇಶ್ವರಕ್ಕೆ ದಿನವೂ ಟಂಟಂ ಎಂಬ ಮೂರು ಗಾಲಿಯ ಗಾಡಿ ಓಡಿಸಿ ಜನಸೇವೆಗೈಯುತ್ತಿರುವ, ಹಾಗೂ ನನ್ನ ಹಳೆಯ ವಿದ್ಯಾರ್ಥಿಯೂ ಆಗಿರುವ ತಮಗೆ ನಿವೃತ್ತ ಮುಖ್ಯೋಪಾಧ್ಯಾಯಿನಿಯ ಸವಿನಯ ವಂದನೆಗಳು. ಈ ದೂರನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನನಗಾದ ಅವಮಾನವೂ ಬಹಿರಂಗವಾಗಿಯೇ ಆಯಿತು.

ಅರವತ್ತೊಂದನ್ನು ನಡುವಯಸ್ಸೆಂದೇ ಪರಿಗಣಿಸುವ ನಾನು, ಮಾಳಿಗೆಯ ಮೆಟ್ಟಿಲಿನ ಮಧ್ಯದಲ್ಲಿ ನಿಂತು ಏದುಸಿರು ಬಿಡುವುದನ್ನು ಸೊಸೆ ಶರ್ವರಿ ಕಂಡ ಮೇಲೆ, ವಿಜಯಪುರದ ಡಾಕ್ಟರ್ ಅನೂಪ ಅವರ ಎದುರು ಕೂಡಬೇಕಾಯಿತು. "ಅಕ್ಕೋರ, ದಿನಾ ಅರ್ಧಾ ತಾಸು ನಡೀರಿ. ಇಲ್ಲಂದ್ರ ಮುಂದ ನಾ ಗುಳಿಗಿ ಬರಿಯಂಗಿಲ್ಲ, ಆಪರೇಶನ್ ಬರೀತೇನಿ" ಎಂದು ಅವರು ಹೃದಯದ ವಿಷಯವನ್ನು ಹೃದಯವಿಲ್ಲದೆ ತಿಳಿಸಿದರು.

ಮರುದಿನವೇ ಇಳಕಲ್ಲ ಸೀರೆಯ ಕೆಳಗೆ ಬಿಳಿಯ ಬೂಟು ತೊಟ್ಟು, ಊರು ದಾಟಿ ಸಾರವಾಡದ ದಿಕ್ಕಿಗೆ ನಾನು ಗಂಭೀರವಾಗಿ ಹೆಜ್ಜೆಯಿಡುತ್ತಿದ್ದಾಗ, ಎದುರಿನಿಂದ ಬಂದ ತಾವು ಗಕ್ಕನೆ ಬ್ರೇಕು ಹಾಕಿದಿರಿ. "ಅಕ್ಕೋರ ನಡಕೋತ ಹೊಂಟಾರ, ನಾವು ಗಾಡ್ಯಾಗ ಕುಂತೇವಿ! ಇಳೀಲೇ ಮಾಳು, ಮುಂದಿನ ಸೀಟ ಬಿಡು!" ಎಂಬ ತಮ್ಮ ಗುರುಭಕ್ತಿಗೆ ಆ ಮಾಳು ಎಂಬ ಪ್ರಯಾಣಿಕ ಹಿಂದಿನ ಕಂಬಿಗೆ ಜೋತುಬಿದ್ದ. ಹಿಂದಿನ ಸೀಟಿನಲ್ಲಿದ್ದ ಜೈನಾಪುರದ ಸಾವಂತ್ರವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕ್ರಿ ಅಕ್ಕೋರ, ಮನ್ಯಾಗ ಸಿಟ್ಟಾಗಿ ಹೊಂಟೀರೇನ್ರಿ? ಕೈಯಾಗ ಚೀಲಾನೂ ಇಲ್ಲ!" ಎಂದು ಮರುಗಿದಳು. ಇದು ಹೃದಯದ ಆರೋಗ್ಯಕ್ಕಾಗಿ ಎಂದು ವಿವರಿಸಿದೆ. "ಎದಿ ಸರಿ ಇಲ್ಲಂದ್ರ ಕುಂಡ್ರಬೇಕ್ರೆವ್ವಾ, ಅಡ್ಡಾಡ್ತಾರೇನು?" ಎಂದಳು. ಮೂವತ್ತು ವರ್ಷ ಪಾಠ ಹೇಳಿದ ನಾನು ವಿಧೇಯ ವಿದ್ಯಾರ್ಥಿನಿಯಂತೆ ಮುಂದಿನ ಸೀಟಿನಲ್ಲಿ ಕುಳಿತೆ. ನಾನು ಹೋಗುತ್ತಿದ್ದ ದಿಕ್ಕನ್ನು ವಿಚಾರಿಸುವ ಗೊಡವೆಗೆ ಹೋಗದೆ ತಾವು ನನ್ನನ್ನು ಮನೆಯ ಬಾಗಿಲಿಗೇ ತಂದು ಇಳಿಸಿದಿರಿ.

ಈ ಗೌರವ ದಿನವೂ ಮುಂದುವರಿಯಿತು. ನಿಜ ಹೇಳಬೇಕೆಂದರೆ, ಮುಂದಿನ ಸೀಟಿನ ತಂಗಾಳಿ ನನ್ನ ನಾಡಿಗೆ ಬಹಳವೇ ಒಗ್ಗಿತು. ಒಂದು ಮುಂಜಾನೆ ತಾವು ತಡವಾದಾಗ, ನಡೆಯಲು ಹೊರಟವಳೆಂಬುದನ್ನೇ ಮರೆತು ಸಿಡಿಯ ಮೇಲೆ, ಅಂದರೆ ರಸ್ತೆಯ ಸಣ್ಣ ಸೇತುವೆಯ ಕಟ್ಟೆಯ ಮೇಲೆ, ಕಾದು ಕುಳಿತಿದ್ದೆ. ತಾವು ಬಂದೊಡನೆ ಸಮಯಪಾಲನೆಯ ಬಗ್ಗೆ ಉಪದೇಶವನ್ನೂ ಮಾಡಿದೆ.

ಆದರೆ ಕಳೆದ ವಾರ ಮರುತಪಾಸಣೆಗೆಂದು ನನ್ನನ್ನು ವಿಜಯಪುರಕ್ಕೆ ಕರೆದೊಯ್ದ ತಾವು, ಡಾಕ್ಟರರು ನಡಿಗೆಯ ಬಗ್ಗೆ ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರಿಸುವ ಅಗತ್ಯವಿರಲಿಲ್ಲ. "ಭಾಳ ಚಂದ ನಡದೈತ್ರಿ ಸಾಹೇಬ್ರ! ಅಕ್ಕೋರ ದಿನಾ ನನ್ನ ಗಾಡ್ಯಾಗ ವಾಕಿಂಗ್ ಬರ್ತಾರ್ರಿ. ಒಂದ್ ದಿನಾನೂ ತಪ್ಪಿಸಿಲ್ಲ!" (ವಾಯುವಿಹಾರವೆಂಬ ಶುದ್ಧ ಪದವಿರುವಾಗ 'ವಾಕಿಂಗ್' ಏಕೆಂಬುದು ಬೇರೆಯದೇ ದೂರು.) ಹೊರಗೆ ಕಾಯುತ್ತಿದ್ದ ರೋಗಿಗಳೆಲ್ಲ ತಮ್ಮ ಕಾಯಿಲೆ ಮರೆತು ನಕ್ಕರು. ಡಾಕ್ಟರರು ಮಾತ್ರ ನಗಲಿಲ್ಲ. "ಇನ್ನ ಮೂರು ತಿಂಗಳು ನೋಡ್ತೇನಿ, ಅಷ್ಟ" ಎಂದರು. ಆ ರಾತ್ರಿ ಊಟ ಸೇರಲಿಲ್ಲ.

ಆದ್ದರಿಂದ ಮಹನೀಯರಲ್ಲಿ ನನ್ನ ಪ್ರಾರ್ಥನೆ: ಇನ್ನು ಮುಂದೆ ನನ್ನನ್ನು ರಸ್ತೆಬದಿಯ ಮೈಲಿಗಲ್ಲೆಂದು ಭಾವಿಸಬೇಕು. ಧಾರಾಳವಾಗಿ ಧೂಳೆಬ್ಬಿಸಬೇಕು. ಸಾಧ್ಯವಾದರೆ, ನಾನು ತಮಗೆ ಅಕ್ಷರ ಕಲಿಸಿದ್ದನ್ನೇ ಬೆಳಗಿನ ಹೊತ್ತು ಮರೆಯಬೇಕು. ಒಂದು ವೇಳೆ ನಾನೇ ಕೈ ಎತ್ತಿದರೂ ಅದನ್ನು ಆಶೀರ್ವಾದವೆಂದು ತಿಳಿದು ಮುಂದೆ ಸಾಗತಕ್ಕದ್ದು.

ತಮ್ಮ ವಿಶ್ವಾಸಿ, ಆದರೆ ಇನ್ನು ತಮ್ಮ ಪ್ರಯಾಣಿಕಳಲ್ಲದ,
ಆನಂದೀಬಾಯಿ ಗಲಗಲಿ
ಬಬಲೇಶ್ವರ

ಮರೆತ ಮಾತು: ಈ ಪತ್ರ ತಮ್ಮ ಕೈ ಸೇರುವ ಮೊದಲೇ, ಡಾಕ್ಟರರ ಮುಖ ಕಂಡು ತಮಗೇ ಬುದ್ಧಿ ಬಂದಿರಬೇಕು, ಇಂದು ಮುಂಜಾನೆ ತಾವು ಗಾಡಿ ನಿಲ್ಲಿಸಲಿಲ್ಲ. ಆಶೀರ್ವದಿಸಲು ನಾನು ಎರಡೂ ಕೈ ಎತ್ತಿದ್ದೆ. ಆಮೇಲೆ ತಮ್ಮನ್ನು ಶುದ್ಧ ಗ್ರಾಂಥಿಕ ಭಾಷೆಯಲ್ಲಿ ಬಯ್ಯುತ್ತ, ಎಲ್ಲಿಯೂ ಕೂಡದೆ ಮನೆಯವರೆಗೆ ನಡೆದುಬಂದೆ. ನಾಳೆಯೂ ಹೀಗೆಯೇ ಸಾಗಿರಿ. ಆದರೆ ಕನ್ನಡಿಯಲ್ಲಾದರೂ ಒಮ್ಮೆ ಹಿಂದೆ ನೋಡಿದ್ದರೆ ತಮ್ಮ ಗಂಟೇನೂ ಕರಗುತ್ತಿರಲಿಲ್ಲ.