ಕಣಿವೆಯ ಮೇಲೆ ಹಾರಲು ಅಪ್ಪಣೆ

ಕಡಿಮೆ ಮಾತಾಡುವವರಿಗೆ ಸಮಾಜದಲ್ಲಿ ಒಂದು ಗೌರವವಿದೆ. ಆ ಗೌರವದಷ್ಟು ಅಪಾಯಕಾರಿಯಾದದ್ದು ಇನ್ನೊಂದಿಲ್ಲ. ವಾಚಾಳಿಗಳು ಬೆಳಗಿನಿಂದ ಸಂಜೆಯವರೆಗೆ ಯೋಜನೆ ಹಾಕುತ್ತಲೇ ಇದ್ದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನನ್ನಂಥವಳು ಅಪರೂಪಕ್ಕೊಮ್ಮೆ ಬಾಯಿಬಿಟ್ಟರೆ ಅದು ತೀರ್ಮಾನವಾಗಿಬಿಡುತ್ತದೆ. ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಇರುವ ಮಾತೆಲ್ಲ ತರಗತಿಯಲ್ಲೇ ಖರ್ಚಾಗುವುದರಿಂದ ಮನೆಯಲ್ಲಿ ಉಳಿತಾಯ ಮಾಡುತ್ತೇನೆ. ಆ ಉಳಿತಾಯದಿಂದ ಒಂದೇ ಒಂದು ವಾಕ್ಯವನ್ನು ಎಚ್ಚರತಪ್ಪಿ ಹೊರಗೆ ಬಿಟ್ಟದ್ದರ ಫಲವನ್ನು ಇಲ್ಲಿ ಹೇಳುತ್ತಿದ್ದೇನೆ.

ಆ ಭಾನುವಾರ ತಿರುಮಣಿಯಿಂದ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ ಬಂದಿದ್ದಳು. ಹೊಲವನ್ನು ಸೋಲಾರ್‌ನವರಿಗೆ ಗುತ್ತಿಗೆಗೆ ಕೊಟ್ಟ ಮೇಲೆ ಅವಳಿಗೆ ಬಿಡುವು ಹೆಚ್ಚು. ಬಿಡುವು ಹೆಚ್ಚಾದ ಮೇಲೆ ಫೋನಿನಲ್ಲಿ ವಿಡಿಯೊ ನೋಡುವುದೂ ಹೆಚ್ಚು. ಅವತ್ತು ಆಂಧ್ರದ ಗಂಡಿಕೋಟ ಕಣಿವೆಯ ವಿಡಿಯೊ ನೋಡುತ್ತಿದ್ದಳು. ಎರಡೂ ಕಡೆ ಗೋಡೆ ಕಟ್ಟಿದಂತೆ ಕೆಂಪು ಬಂಡೆ, ನಡುವೆ ಆಳದಲ್ಲಿ ನೀರು. ಇದು ನಿಮ್ಮ ಪಾವಗಡದ ಕಡೆಯಿಂದ ಹರಿದುಹೋಗುವ ಪಿನಾಕಿನಿಯೇ ಎಂದೆ. ಅವಳು ನಂಬಲಿಲ್ಲ. "ಅಬ್ಬೋ! ನಮ್ ನಾಗಲಮಡಿಕೇಲಿ ಮಂಡಿ ಮುಳುಗಲ್ಲ, ಬರೀ ಮರಳು. ಅಲ್ಲೋಗಿ ಇಂಥಾ ಕೆಲ್ಸ ಮಾಡೈತಾ ಇದು?" ಎಂದಳು, ಊರಿನ ಸೋಮಾರಿ ಹುಡುಗನೊಬ್ಬ ಪರಸ್ಥಳದಲ್ಲಿ ದೊಡ್ಡ ಸಾಹೇಬನಾಗಿದ್ದಾನೆ ಎಂದು ಕೇಳಿದವಳಂತೆ. ನಾನು ವಿಷಯವನ್ನು ಪೂರ್ತಿ ಮಾಡಲೆಂದು, "ಮೇಲಿಂದ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತಂತೆ. ಈಗ ಸಣ್ಣ ವಿಮಾನದಲ್ಲಿ ಮೂರು ಜನರನ್ನು ಕೂರಿಸಿಕೊಂಡು ಸುತ್ತಿಸುತ್ತಾರೆ" ಎಂದೆ. ನಾನು ಕೊಟ್ಟದ್ದು ಬರೀ ಮಾಹಿತಿ. ಆದರೆ ದೊಡ್ಡಮ್ಮ ಅಡುಗೆಮನೆಯ ಕಡೆ ತಿರುಗಿ ಕೂಗಿದಳು: "ಲೇ, ಕೇಳುಸ್ಕಂಡೇನೇ? ಮಗು ನಮ್ಮಿಬ್ರುನೂ ವಿಮಾನದಾಗೆ ಕರ್ಕಂಡೋಯ್ತಾಳಂತೆ!"

ಈಗ ಒಂದು ಗುಟ್ಟು ಹೇಳಬೇಕು. ನನಗೆ ಎತ್ತರವೆಂದರೆ ಭಯ. ಸಾಧಾರಣ ಭಯವಲ್ಲ. ಸ್ಟೂಲು ಹತ್ತಿ ಬಲ್ಬು ಬದಲಾಯಿಸುವಾಗಲೂ ಗೋಡೆಗೆ ಕೆನ್ನೆ ಒತ್ತಿಕೊಳ್ಳುವಷ್ಟು. ಮಧುಗಿರಿಯಲ್ಲಿ ಹುಟ್ಟಿ ಬೆಳೆದೂ ನಮ್ಮ ಬೆಟ್ಟದ ತುದಿಯನ್ನು ನಾನು ನೋಡಿದ್ದು ಚಿತ್ರಗಳಲ್ಲಿ ಮಾತ್ರ. ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಬಂಡೆ ಕಡಿದಾಗುವ ಜಾಗದಲ್ಲಿ ನನಗೆ ಸರಿಯಾಗಿ ಒಂದು ಫೋನು ಬರುತ್ತದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಗುರುತ್ವಾಕರ್ಷಣೆಯನ್ನು ಪಾಠ ಮಾಡುವವಳು ಅದಕ್ಕೆ ಹೆದರುತ್ತಾಳೆ ಎಂದು ಗೊತ್ತಾದರೆ ಪಾಠಕ್ಕೆ ಬೆಲೆ ಬರುತ್ತದೋ ಹೋಗುತ್ತದೋ ಎಂಬ ಅನುಮಾನ ಒಂದು. ನನ್ನ ಭಯ ನನ್ನ ಸ್ವಂತದ್ದು ಎಂಬ ಬಿಗುಮಾನ ಇನ್ನೊಂದು.

ಅಮ್ಮ ಬೇಡವೆನ್ನುತ್ತಾಳೆ ಎಂದು ನಂಬಿ ಸುಮ್ಮನಿದ್ದೆ. ಕೊರಟಗೆರೆಯ ನಾಮಕರಣಕ್ಕೂ ಮೊಣಕಾಲು ನೋವೆನ್ನುವವಳು ಅವಳು. ಆದರೆ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ವಿಮಾನದಾಗೆ ಕೂತ್ಕಂಡೇ ಇರ್ತೀವಲ್ಲ, ಮೆಟ್ಲು ಹತ್ತೋ ಹಂಗಿಲ್ಲ. ಓಗನ ಬುಡು" ಎಂದಳು. ವಿಮಾನದವರು ಪ್ರಯಾಣಿಕರ ತೂಕ ಕೇಳುತ್ತಾರೆ ಎಂದು ಹೆದರಿಸಿ ನೋಡಿದೆ. ದೊಡ್ಡಮ್ಮ ಮುಂದಿನ ವಾರವೇ ಫೋನು ಮಾಡಿದಳು: "ಹುಣಸೇಹಣ್ಣಿನ ಮಂಡೀಲಿ ತೂಗುಸ್ಕಂಡ್ ಬಂದೆ ಕಣಮ್ಮ. ಸೀರೆ ತೂಕ ಕಳೀಬೇಕಾ ಎಂಗೆ ಅಂತ ಕೇಳೇಳು." ಅವಳ ಲೆಕ್ಕದಲ್ಲಿ ಪ್ರೈವೇಟ್ ವಿಮಾನವೂ ಪಾವಗಡದ ಪ್ರೈವೇಟ್ ಬಸ್ಸೂ ಒಂದೇ ಜಾತಿ. "ಬರ್ತಾ ಅಂಗೇ ತಿರುಮಣಿ ಮ್ಯಾಲೆ ಒಂದ್ ರೌಂಡ್ ಹಾಕು ಅಂದ್ರೆ ಡ್ರೈವರು ಹಾಕಲ್ವಾ? ನಮ್ ಹೊಲ ಸೋಲಾರ್‌ನೋರ ಬೇಲಿಯೊಳಗೈತೆ, ಮ್ಯಾಲಿಂದಾನಾರ ನೋಡನ" ಎಂದಳು. ಹಾಗೆಲ್ಲ ಆಗುವುದಿಲ್ಲ ಎಂದರೆ, "ನೀನ್ ಕೇಳೇ ಇಲ್ವಲ್ಲ" ಎಂದಳು.

ಭಯವಾದಾಗ ಕೆಲವರು ಅಳುತ್ತಾರೆ, ನಾನು ಓದುತ್ತೇನೆ. ಯಾವ ತಿಂಗಳು ಗಾಳಿ ಕಡಿಮೆ, ಒಂದೇ ಇಂಜಿನ್ನಿನ ವಿಮಾನದ ಇಂಜಿನ್ನು ನಿಂತರೆ ಅದು ಎಷ್ಟು ದೂರ ತೇಲೀತು, ಎಲ್ಲ ಓದಿದೆ. ಓದಿದಷ್ಟೂ ನಿದ್ದೆ ಕಡಿಮೆಯಾಯಿತು. ಅಮ್ಮ ಮಾತ್ರ ಬೀದಿಯವರಿಗೆಲ್ಲ, "ನಮ್ಮುಡುಗಿ ಎಲ್ಲಾನೂ ತಿಳ್ಕಂಡವ್ಳೆ, ಬೇಕಾದ್ರೆ ಅವಳೇ ಓಡುಸ್ತಾಳೆ" ಎಂದು ಹೇಳಿಕೊಂಡು ಬಂದಳು. ಹಿಂದೆಗೆಯುವ ದಾರಿಗಳು ಒಂದೊಂದಾಗಿ ಮುಚ್ಚಿಹೋದವು. ಕೊನೆಗೆ, ಎಂದೂ ಯಾವುದನ್ನೂ ದೇವರ ಬಳಿ ಕೇಳದ ನಾನೇ ಬಾಯಿಬಿಟ್ಟು ಹೇಳಿದೆ: "ಯಾವುದಕ್ಕೂ ಅಮ್ಮನವರ ಹತ್ತಿರ ಒಂದು ಸಲ ಹೂವು ಕೇಳಿಬಿಡೋಣ."

ನಮ್ಮ ಬೀದಿಯ ಕೊನೆಯಲ್ಲಿ ಅಮ್ಮನವರ ಸಣ್ಣ ಗುಡಿಯಿದೆ. ಪೂಜಾರಪ್ಪ ಮೂರ್ತಿಯ ಎರಡೂ ಕಡೆ ಒದ್ದೆ ಹೂವು ಅಂಟಿಸುತ್ತಾರೆ. ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂವು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಬೀದಿಯ ಮದುವೆ, ಬೋರ್‌ವೆಲ್ಲು, ವರ್ಗಾವಣೆ ಎಲ್ಲ ಹೀಗೇ ನಿರ್ಧಾರವಾಗಿವೆ. ವಿಮಾನ ಇದೇ ಮೊದಲು. ಪೂಜಾರಪ್ಪ ಗಂಭೀರವಾಗಿ, "ತಾಯೀ, ಮಕ್ಳು ಆಕಾಸಕ್ಕೆ ಓಗ್ಬೇಕು ಅಂತವ್ರೆ. ಏನಂತೀಯವ್ವ?" ಎಂದರು. ನಾನು ಜೀವಮಾನದ ಭಕ್ತಿಯನ್ನೆಲ್ಲ ಎಡಗಡೆಯ ಹೂವಿಗೆ ಧಾರೆಯೆರೆದೆ. ಬಲಗಡೆಯದು ಬಿತ್ತು.

"ಒಂದು ಸಲದ ಫಲಿತಾಂಶವನ್ನು ನಂಬಬಾರದು" ಎಂದೆ. ವಿಜ್ಞಾನವನ್ನು ಇಷ್ಟು ಹತಾಶೆಯಿಂದ ನಾನು ಯಾವತ್ತೂ ಬಳಸಿಕೊಂಡಿರಲಿಲ್ಲ. ಇನ್ನೊಮ್ಮೆ ಕೇಳಿದರು. ಮತ್ತೆ ಬಲ. ದೊಡ್ಡಮ್ಮ ಕೈಮುಗಿದಳು. ಅಮ್ಮ ನನ್ನ ಮುಖವನ್ನೊಮ್ಮೆ ನೋಡಿ, ಸೆರಗಿನಿಂದ ಕತ್ತು ಒರೆಸಿಕೊಂಡು, "ಪೂಜಾರಪ್ಪ, ಸೆಕೆ ತಡಿಯಕ್ಕಾಗ್ತಿಲ್ಲ, ಆ ಟೇಬಲ್ ಫ್ಯಾನ್ ಅಮ್ಮನ ಕಡೀಕೆ ತಿರುಗ್ಸಿ. ತಾಯಿಗೂ ಬೆವ್ರು" ಎಂದಳು. ಫ್ಯಾನು ಮೂರ್ತಿಯ ಎಡಕ್ಕೇ ಇತ್ತು. ಆ ಗಾಳಿಗೆ ಯಾವ ಹೂವು ಮೊದಲು ಬೀಳುತ್ತದೆ ಎನ್ನುವುದು ನನ್ನ ಮೊದಲ ವರ್ಷದ ವಿದ್ಯಾರ್ಥಿಗಳಿಗೂ ಗೊತ್ತು. ನಾನೂ ಕೈಮುಗಿದೆ. ಮೂರನೆಯ ಸಲ ಎಡ. "ಎರಡ್ ಸಲ ಕೊಟ್ಟು ಇದ್ಯಾಕಿಂಗೆ ಕಿತ್ಕಂಡ್ಲು ತಾಯಿ?" ಎಂದು ಪೂಜಾರಪ್ಪ ತಲೆ ಕೆರೆದುಕೊಂಡರು. "ಕಡೆ ಮಾತೇ ಮಾತು" ಎಂದಳು ಅಮ್ಮ.

ಆ ಸಂಜೆ ನಾನು ಬಜ್ಜಿ ಅಂಗಡಿಯಲ್ಲಿ ಇಬ್ಬರ ಪಾಲಿನಷ್ಟು ಮೆಣಸಿನಕಾಯಿ ಬಜ್ಜಿ ತಿಂದೆ. ರಸ್ತೆ ಎಷ್ಟು ಗಟ್ಟಿಯಾಗಿದೆ, ನೆಲ ಎಷ್ಟು ಹತ್ತಿರದಲ್ಲಿದೆ ಎಂದು ಸಂತೋಷಪಡುತ್ತಾ ನಡೆದೆ. ಅಮ್ಮನಿಗೂ ಒಳಗೊಳಗೆ ಭಯವಿತ್ತು, ಪಾಪ, ಹೇಳಿಕೊಳ್ಳಲಾಗದೆ ಫ್ಯಾನು ತಿರುಗಿಸಿದಳು ಎಂದು ಅವಳ ಮೇಲೆ ವಾತ್ಸಲ್ಯವೇ ಉಕ್ಕಿತು.

ಆಮೇಲೊಂದು ಶುಕ್ರವಾರ ಕಾಲೇಜಿನಿಂದ ಬಂದರೆ ಅಕ್ಕತಂಗಿಯರಿಬ್ಬರೂ ಕೋಡುಬಳೆ ಸುಡುತ್ತಿದ್ದರು. ಯಾಕೆಂದರೆ, ದಾರಿಗೆ ಎಂದರು. ಯಾವ ದಾರಿಗೆಂದರೆ, ಗಂಡಿಕೋಟಕ್ಕೆ ಎಂದರು.

"ಅಮ್ಮನವರು ಬೇಡ ಅಂದಿದ್ದಾರಲ್ಲ?" ಎಂದೆ.

"ಅದು ನೀನು ಇದ್ದಾಗ" ಎಂದಳು ಅಮ್ಮ, ಬಾಣಲೆಯಿಂದ ಕಣ್ಣು ತೆಗೆಯದೆ. "ವಿಮಾನ ಅಂದ್ರೆ ಸಾಕು, ನಿನ್ ಮುಖ ತೊಳೆದಿಟ್ಟ ತಟ್ಟೆ ಆಗೋದು. ನೋಡಕ್ಕಾಗ್ದೆ ಫ್ಯಾನ್ ತಿರುಗುಸ್ದೆ. ಇವತ್ತು ನಿನ್ ಹೆಸ್ರು ಬುಟ್ಟು ಕೇಳುದ್ವಿ. ಬಲಕ್ಕೇ ಬಿತ್ತು."

"ಫ್ಯಾನ್ ಆಫ್ ಮಾಡ್ಸೇ ಕೇಳಿದ್ದು ಕಣಮ್ಮ" ಎಂದಳು ದೊಡ್ಡಮ್ಮ. "ನಿನ್ ಸೀಟ್ಗೆ ಪೂಜಾರಪ್ಪನ್ನ ಒಪ್ಪುಸಿದ್ದೀವಿ. ಅಪ್ಪಣೆ ಕೊಡ್ಸಿದೋರು ಜತೇಲಿದ್ರೆ ಒಂದ್ ಧೈರ್ಯ."

ಇಷ್ಟು ವರ್ಷ ನಾನು ಜೋಪಾನ ಮಾಡಿದ್ದ ಗುಟ್ಟು ಎಣ್ಣೆಯ ಹೊಗೆಯ ನಡುವೆ ಇಷ್ಟು ಸಲೀಸಾಗಿ ಹೊರಬಿತ್ತು. ನಾಚಿಕೆಯಾಗಬೇಕಿತ್ತು. ನನಗೆ ಆದದ್ದು ಬರೀ ನಿರಾಳ. ಒಂದು ಬಿಸಿ ಕೋಡುಬಳೆ ತೆಗೆದುಕೊಂಡು, ಕಾರು ನಾನೇ ಓಡಿಸುತ್ತೇನೆ ಎಂದೆ.

ಹೊರಡುವ ದಿನ ಪೂಜಾರಪ್ಪ ಹಣೆಗೆ ವಿಭೂತಿ ಬಳಿದುಕೊಂಡು ಪೈಲಟ್ಟಿನ ಪಕ್ಕ ಕೂತರು. ಅಮ್ಮ, ದೊಡ್ಡಮ್ಮ ಹಿಂದೆ. ವಿಮಾನ ಓಡಿತು, ಎದ್ದಿತು, ಅದರ ಸದ್ದು ಕಣಿವೆಯ ಕಡೆಗೆ ದೂರವಾಯಿತು. ಅದು ಮತ್ತೆ ನೆಲ ಮುಟ್ಟಿದ ಸದ್ದು ಕೇಳಿದ ಮೇಲೆಯೇ ನಾನು ರನ್‌ವೇ ಪಕ್ಕದ ಶೆಡ್ಡಿನ ಬೆಂಚಿನಿಂದ ಎದ್ದದ್ದು. ದೊಡ್ಡಮ್ಮ ಇಳಿದವಳೇ, "ನಮ್ ಹೊಳೇನೇ ಕಣಮ್ಮ ಅದು! ಮ್ಯಾಲಿಂದ ನೋಡುದ್ರೆ ಗುರ್ತು ಸಿಕ್ತು" ಎಂದಳು. ಪೂಜಾರಪ್ಪ ಇಳಿದವರೇ ನೆಲ ಮುಟ್ಟಿ ನಮಸ್ಕರಿಸಿದರು. ಅಮ್ಮ ನನ್ನ ಹತ್ತಿರ ಬಂದು ಕೆದರಿದ ನನ್ನ ಕೂದಲು ಸರಿಮಾಡುತ್ತಾ ಕೇಳಿದಳು:

"ವಿಮಾನ ಏಳೋವಾಗ ಕಿಟಕೀಲಿ ನೋಡ್ದೆ. ಯಾಕೇ ಅಂಗೆ ಎರಡು ಕೈಯಾಗೂ ಕಣ್ಣು ಮುಚ್ಕಂಡು ಕೂತಿದ್ದೆ?"

"ಬಿಸಿಲಮ್ಮ" ಎಂದೆ.

ಮೂವರೂ ತಲೆಯೆತ್ತಿ ಶೆಡ್ಡಿನ ತಗಡಿನ ಮಾಡನ್ನು ಒಮ್ಮೆ ನೋಡಿದರು. ಆಮೇಲೆ ಕಾರಿನ ಕಡೆಗೆ ನಡೆದರು.