ನಮ್ಮ ಅಡುಗೆಕೋಣೆಯಲ್ಲಿ ನೊಣವಿಲ್ಲದ ಅಪರಾಧ

ಮಾನ್ಯರೇ,

ಬೂಟು ಕಳಚದೆ, ತಲೆಗವಸು ತೊಡದೆ, ಆದರೂ ಸ್ವಚ್ಛತೆಯ ಸಾಕ್ಷಾತ್ ಮೂರ್ತಿಯಾಗಿ ನಮ್ಮಲ್ಲಿಗೆ ಪಾದ ಬೆಳೆಸುವ ಆಹಾರ ತಪಾಸಣಾಧಿಕಾರಿಗಳಾದ ತಮಗೆ, ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಕಿತ್ತಳೆ ಜಾಮ್ ಕಾಯಿಸಿ ಬಾಟಲಿಗೆ ತುಂಬುವ ನಾನು ಮತ್ತು ನನ್ನ ಅತ್ತಿಗೆ ಸಾಷ್ಟಾಂಗ ವಂದಿಸಿ, ಊರವರೂ ಓದಲೆಂದು ಬಹಿರಂಗವಾಗಿಯೇ ಮಾಡಿಕೊಳ್ಳುವ ಅರಿಕೆ.

ಲೈಸೆನ್ಸ್ ನವೀಕರಣಕ್ಕೆ ಬೇಕೇಬೇಕೆಂದು ತಾವು ಅಪ್ಪಣೆ ಕೊಡಿಸಿದ ನೊಣ ಹಿಡಿಯುವ ಯಂತ್ರವನ್ನು ಗೋಡೆಗೆ ಹಾಕಿಸಿದೆವು. ತಾವು ಬಂದು, ಕನ್ನಡಕ ಹಣೆಗೇರಿಸಿ, ಅದರ ತಟ್ಟೆಯನ್ನು ಎಳೆದು ನೋಡಿ, ಒಂದೂ ನೊಣ ಬಿದ್ದಿಲ್ಲವಾದ್ದರಿಂದ ಯಂತ್ರ ಕೆಲಸ ಮಾಡುತ್ತಿರುವುದಕ್ಕೆ ಪುರಾವೆಯಿಲ್ಲವೆಂದು ಷರಾ ಬರೆದಿರಿ. ಆಹಾ, ಎಂಥ ಸೂಕ್ಷ್ಮದೃಷ್ಟಿ! "ನೊಣ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ ಸಾರ್?" ಎಂದ ಅತ್ತಿಗೆಯ ಅಜ್ಞಾನವನ್ನು ದಯವಿಟ್ಟು ಮನ್ನಿಸಬೇಕು.

ತಮ್ಮ ಮಾತು ಮೀರುವವರೇ ನಾವು? ಮುಂದಿನ ತಪಾಸಣೆಯ ದಿನ ಹಿಂಬಾಗಿಲು ತೆರೆದಿಟ್ಟು, ಹೊಸ್ತಿಲಲ್ಲಿ ಕಿತ್ತಳೆ ಸಿಪ್ಪೆ ಹರಡಿ, ನೊಣಗಳನ್ನು ಬೀಗರಂತೆ ಎದುರುಗೊಳ್ಳಲು ನಿಂತೆವು. ನಮ್ಮ ದುರದೃಷ್ಟ, ನೊಣಗಳಿಗಿಂತ ಮೊದಲು ತಾವೇ ಬಂದಿರಿ. ಬಾಗಿಲು ತೆರೆದದ್ದೂ ತಪ್ಪು, ಸಿಪ್ಪೆ ಹರಡಿದ್ದೂ ತಪ್ಪು ಎಂದು ಬರೆದು, ಜಾಮಿನ ಸ್ಯಾಂಪಲ್ ಪ್ರಯೋಗಾಲಯಕ್ಕೆ ಹೋಗಿ ವರದಿ ಬರುವವರೆಗೆ ಒಲೆ ಹಚ್ಚಕೂಡದೆಂದು ಆಜ್ಞಾಪಿಸಿ, ಕಪಾಟಿನಲ್ಲಿದ್ದ ದೊಡ್ಡ ಬಾಟಲಿಗಳನ್ನೇ ಆರಿಸಿ ಚೀಲಕ್ಕಿಳಿಸಿದಿರಿ.

ವರದಿ ಇಂದಿಗೂ ಬಂದಿಲ್ಲ. ಫೋನು ಮಾತ್ರ ಬಂತು. "ನಮ್ಮ ಅತ್ತೆಯವರು ಸಕ್ಕರೆ ಒಂಚೂರು ಜಾಸ್ತಿ ಆಯ್ತು ಅಂತಾರಮ್ಮ, ಸಿಪ್ಪೆ ಇನ್ನೂ ಸಣ್ಣಗೆ ಹೆಚ್ಚಿ" ಎಂದು ತಾವೇ ಖುದ್ದಾಗಿ ತಿಳಿಸಿದಿರಿ. ಇಷ್ಟು ಚುರುಕಾದ ಪರೀಕ್ಷೆ ಯಾವ ಪ್ರಯೋಗಾಲಯದಲ್ಲಿ ನಡೆದೀತು? ಆದ್ದರಿಂದ ಆ ಪೂಜ್ಯರನ್ನೇ ಸರ್ಕಾರಿ ಪ್ರಯೋಗಾಲಯವೆಂದು ಘೋಷಿಸಿ, ಅವರ ಕೈಗೊಂದು ಮೊಹರು ಕೊಟ್ಟು, ತಮ್ಮ ತಿಂಡಿ ಮೇಜನ್ನು ಇಲಾಖೆಯ ಉಪಕರಣಗಳ ಸಾಲಿಗೆ ಸೇರಿಸಬೇಕೆಂದು ಕೈಮುಗಿದು ಬೇಡುತ್ತೇವೆ.

ಇಷ್ಟು ಅವಸರವೇಕೆಂದರೆ, ಮಾನ್ಯರೇ, ಕಿತ್ತಳೆಗೆ ಕಾಯುವ ಗುಣವಿಲ್ಲ. ಸುಗ್ಗಿ ವರ್ಷಕ್ಕೊಮ್ಮೆ, ಈ ವಾರ ಒಲೆ ಹಚ್ಚದಿದ್ದರೆ ನಮ್ಮ ಬಾಟಲಿಗಳು ಮುಂದಿನ ವರ್ಷದವರೆಗೂ ಖಾಲಿ. ಅತ್ತಿಗೆ ದಿನಾ ಬೆಳಿಗ್ಗೆ ಪೆಟ್ಟಿಗೆಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೊಳೆತ ಹಣ್ಣು ಆರಿಸುತ್ತಾಳೆ, ಸಿಪ್ಪೆಯ ರಸ ಕಣ್ಣಿಗೆ ಸಿಡಿಯಿತೆಂದು ಹೇಳಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಆ ಉರಿಯಲ್ಲಿ ಜಾಮ್ ಕಾಯಿಸಲು ಲೈಸೆನ್ಸ್ ಬೇಕಿಲ್ಲವಾದರೆ ಅದನ್ನಾದರೂ ತಿಳಿಸಿ.

ಇಂತಿ, ಆರಿದ ಒಲೆಯ ಮುಂದೆ ಕುಳಿತಿರುವ

ತಮ್ಮ ವಿಶ್ವಾಸಿ,
ಜಾಮ್ ಕಾಯಿಸುವವಳು

ವಿ.ಸೂ.: ಹಣ್ಣು ಕೊಳೆಯತೊಡಗಿದ ಮೇಲೆ, ತಮ್ಮ ಕೃಪೆಯಿಂದ, ಯಂತ್ರಕ್ಕೆ ಕಡೆಗೂ ಒಂದು ನೊಣ ಬಿದ್ದಿದೆ. ತಾವು ಕೇಳಿದ್ದ ಪುರಾವೆಯಾದ ಅದನ್ನು ಬಾಟಲಿಗೆ ಹಾಕಿ, ಸೀಲು ಮಾಡಿ, ಈ ಪತ್ರದೊಂದಿಗೆ ಕಳುಹಿಸಿದ್ದೇವೆ. ಹಳೆಯ ಸ್ಯಾಂಪಲ್‌ಗಳ ವಿಷಯ ಬಿಡಿ, ಇದನ್ನಾದರೂ ದಯವಿಟ್ಟು ನೇರವಾಗಿ ಪ್ರಯೋಗಾಲಯಕ್ಕೇ ಕಳುಹಿಸಿ, ಅತ್ತೆಯವರಿಗೆ ವಯಸ್ಸಾಗಿದೆ.